ಕೋಳಿ ಸುಮ್ಮನೆ ಕೂಗುವುದಿಲ್ಲ

ಹಿತ್ತಲಲ್ಲಿ ನಾಲ್ಕು ಕೋಳಿ ಸಾಕಿರುವ ಮನೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಕೋಳಿಗಳು ದಿನವಿಡೀ ಗಲಾಟೆ ಮಾಡುತ್ತವೆ. ಮೊಟ್ಟೆ ಇಟ್ಟರೆ ಊರಿಗೆಲ್ಲ ಸಾರುತ್ತವೆ, ಕಾಳು ಚೆಲ್ಲಿದರೆ ಕಿತ್ತಾಡುತ್ತವೆ, ಹುಂಜ ಹೊತ್ತುಗೊತ್ತಿಲ್ಲದೆ ಕೂಗುತ್ತದೆ. ಆ ಗದ್ದಲಕ್ಕೆ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅದೇ ಗದ್ದಲ ಇದ್ದಕ್ಕಿದ್ದಂತೆ ನಿಂತುಬಿಟ್ಟರೆ ಮಾತ್ರ ಒಲೆ ಮುಂದೆ ಕೂತ ಅಜ್ಜಿಯೂ ಸೆರಗು ಸಿಕ್ಕಿಸಿಕೊಂಡು ಹೊರಗೆ ಬರುತ್ತಾಳೆ. ಎಲ್ಲೋ ಒಂದು ಗಿಡುಗ ಸುತ್ತುತ್ತಿದೆ, ಇಲ್ಲವೇ ಬೇಲಿ ಸಂದಿಯಲ್ಲಿ ಏನೋ ನುಸುಳಿದೆ ಎಂದೇ ಅರ್ಥ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮನೆ ಸುತ್ತ ತೆಂಗಿನ ತೋಟ, ಅದರಾಚೆ ಕೆರೆ ಅಂಗಳ, ಅಲ್ಲಿಂದ ಮುಂದೆ ಜಾಲಿ ಪೊದೆ. ನಾನು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್‌ನಲ್ಲಿ ಬಿ.ಇ. ಓದುತ್ತಿದ್ದೇನೆ, ಐದನೇ ಸೆಮಿಸ್ಟರ್. ಪರೀಕ್ಷೆಗೆ ಓದಿಕೊಳ್ಳಲು ಕೊಟ್ಟ ರಜೆಯಲ್ಲಿ ಊರಿಗೆ ಬಂದಾಗ ನಮ್ಮ ಹಿತ್ತಲಲ್ಲಿ 14 ಕೋಳಿ ಇರಬೇಕಿತ್ತು. ಇದ್ದದ್ದು 11. ಎರಡು ವಾರದಲ್ಲಿ ಮೂರು ಹ್ಯಾಟೆ ರಾತ್ರೋರಾತ್ರಿ ಮಾಯವಾಗಿದ್ದವು. ಮಿಕ್ಕವು ಮೊಟ್ಟೆ ಇಡುವುದನ್ನೇ ಬಿಟ್ಟಿದ್ದವು. ಸಂಜೆಯಾದರೆ ಗೂಡಿನ ಬಾಗಿಲವರೆಗೆ ಬಂದು, ಕತ್ತು ಉದ್ದ ಮಾಡಿ ಒಳಗೆ ಇಣುಕಿ, ‘ಕೊಕ್ ಕೊಕ್’ ಎನ್ನುತ್ತಾ ಹಿಂದಕ್ಕೆ ಓಡುತ್ತಿದ್ದವು. ನಾಟಿ ಕೋಳಿಗಳು ಸೀಬೆ ಮರ ಹತ್ತಿ ಕೂರುತ್ತಿದ್ದವು. ಮೈಭಾರದ ಗಿರಿರಾಜ ಕೋಳಿಗಳಿಗೆ ಮರ ಹತ್ತಲಾಗದೆ ಹಿತ್ತಲ ಬಾಗಿಲಿಗೆ ಒತ್ತಿಕೊಂಡು ನಿಲ್ಲುತ್ತಿದ್ದವು.

“ಏನೋ ಬತ್ತಾ ಐತೆ ಕಣವ್ವ. ಕೋಳಿ ಸುಮ್‌ಸುಮ್ನೆ ಹಿಂಗಾಡಲ್ಲ” ಎಂದಳು ಅಜ್ಜಿ.

ಅಮ್ಮನ ದುಡ್ಡು

ಮೂರು ಕೋಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದು ಕೇಳಬಹುದು. ತೆಂಗು ಬೆಳೆಯುವ ಮನೆಯ ಲೆಕ್ಕ ಗೊತ್ತಿದ್ದವರು ಕೇಳುವುದಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ತಿಂಗಳುಗಟ್ಟಲೆ ಅಟ್ಟದಲ್ಲಿ ಕೂರಬೇಕು. ಆ ದುಡ್ಡು ಬರುವಾಗ ಒಟ್ಟಿಗೆ ಬರುತ್ತದೆ, ಬಂದ ದಿನವೇ ಸಾಲಕ್ಕೋ ಗೊಬ್ಬರಕ್ಕೋ ಹೋಗುತ್ತದೆ. ಮೊಟ್ಟೆಯ ದುಡ್ಡು ಹಾಗಲ್ಲ. ಇವತ್ತು ಇಟ್ಟ ಮೊಟ್ಟೆ ನಾಳೆ ಮಾರಾಟ. ದಿನಕ್ಕೆ ಮೂರೋ ನಾಲ್ಕೋ, ಒಂದಕ್ಕೆ 12 ರೂಪಾಯಿ. ಹಬ್ಬದ ಹಿಂದಿನ ದಿನ ಒಂದು ಹುಂಜ ಹೋದರೆ ಕೈಗೆ ಐದು ನೋಟು. ಆ ದುಡ್ಡು ಸಾಸಿವೆ ಡಬ್ಬಿಯಲ್ಲಿರುತ್ತದೆ. ಯಾರನ್ನೂ ಕೇಳದೆ ಅಮ್ಮ ಖರ್ಚು ಮಾಡಬಹುದಾದ ದುಡ್ಡು ಅದೊಂದೇ. ನನ್ನ ಬಸ್ ಪಾಸು, ರೆಕಾರ್ಡ್ ಬುಕ್ಕು, ಎರಡು ಸಲ ಪರೀಕ್ಷೆ ಶುಲ್ಕದ ಒಂದು ಪಾಲು ಆ ಡಬ್ಬಿಯಿಂದ ಬಂದಿವೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. 2019 ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ. ಹಿಂದಿನ ಗಣತಿಗಿಂತ ಇದು ಶೇ 46 ರಷ್ಟು ಹೆಚ್ಚು. ಈ ಪುಟ ಓದುತ್ತಿರುವವರಲ್ಲೂ ಕೋಳಿ ದುಡ್ಡಿನಲ್ಲಿ ಅರ್ಜಿ ಶುಲ್ಕ ಕಟ್ಟಿದವರು ಇದ್ದೇ ಇರುತ್ತೀರಿ.

ಹೆದರಿದ ಕೋಳಿ ಮೊಟ್ಟೆ ಇಡದಿರುವುದಕ್ಕೂ ಕಾರಣವಿದೆ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಆ ಹೊತ್ತಿನಲ್ಲಿ ಕೋಳಿ ಬೆದರಿದರೆ ಮೊಟ್ಟೆ ತಡವಾಗುತ್ತದೆ, ಚಿಪ್ಪು ಒರಟಾಗುತ್ತದೆ, ಕೆಲವೊಮ್ಮೆ ಚಿಪ್ಪೇ ಇಲ್ಲದೆ ಬರಿ ಪೊರೆಯ ಮೊಟ್ಟೆ ಬೀಳುತ್ತದೆ. ಅಮ್ಮ ಅಂಥ ಎರಡು ತೋಲು ಮೊಟ್ಟೆ ಎತ್ತಿಟ್ಟಿದ್ದಳು. ಬೆದರಿಕೆ ದಿನವೂ ಮುಂದುವರಿದರೆ ಮೊಟ್ಟೆ ನಿಂತೇ ಹೋಗುತ್ತದೆ. ಹಾಗಾಗಿ ನಮಗಾದ ನಷ್ಟ ಮೂರು ಕೋಳಿಯಷ್ಟೇ ಆಗಿರಲಿಲ್ಲ. ಉಳಿದ 11 ಕೋಳಿಯೂ ಸಂಬಳವಿಲ್ಲದ ರಜೆ ಹಾಕಿದಂತಾಗಿತ್ತು.

ಮೇಲೋ, ಕೆಳಗೋ?

ಕೋಳಿಯ ಕೂಗಿನಲ್ಲಿ ಅರ್ಥವಿದೆಯೇ, ಬರೀ ಗಾಬರಿಯೇ? ಈ ಪ್ರಶ್ನೆಯನ್ನು ವಿಜ್ಞಾನಿಗಳೂ ಕೇಳಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಕ್ರಿಸ್ಟೋಫರ್ ಇವಾನ್ಸ್, ಲಿಂಡಾ ಇವಾನ್ಸ್ ಮತ್ತು ಪೀಟರ್ ಮಾರ್ಲರ್ ನಡೆಸಿದ ಪ್ರಯೋಗಗಳು 1993 ರಲ್ಲಿ ಪ್ರಕಟವಾದವು. ಅವರು ಹುಂಜದ ತಲೆಯ ಮೇಲೆ ಪರದೆ ಇಟ್ಟು ಹಾರುವ ಗಿಡುಗದ ಚಿತ್ರ ತೋರಿಸಿದರು. ನೆಲದ ಮಟ್ಟದ ಪರದೆಯಲ್ಲಿ ರಕೂನ್ ಎಂಬ ಪ್ರಾಣಿಯ ಚಿತ್ರ ತೋರಿಸಿದರು. ಹುಂಜಗಳು ಎರಡಕ್ಕೂ ಬೇರೆ ಬೇರೆ ಕೂಗು ಹಾಕಿದವು. ಆಕಾಶದ ಶತ್ರುವಿಗೆ ಸಣ್ಣಗೆ ಎಳೆದಂಥ ಸಿಳ್ಳೆ. ಆ ಸಿಳ್ಳೆ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವುದು ಗಿಡುಗಕ್ಕೂ ಕಷ್ಟ. ನೆಲದ ಶತ್ರುವಿಗೆ ತುಂಡು ತುಂಡಾದ ಜೋರು ‘ಕೊಕ್-ಕೊಕ್-ಕೊಕ್ಕೊಕ್ಕೋ’.

ಇನ್ನೂ ಸೊಗಸಾದದ್ದು ಮುಂದಿನ ಭಾಗ. ಶತ್ರುವೇ ಇಲ್ಲದ ಜಾಗದಲ್ಲಿ ಆ ಕೂಗುಗಳನ್ನು ಸ್ಪೀಕರಿನಲ್ಲಿ ಹ್ಯಾಟೆಗಳಿಗೆ ಕೇಳಿಸಿದರು. ಸಿಳ್ಳೆ ಕೇಳಿದವು ಮರೆಗೆ ಓಡಿ ಮುದುಡಿ ಕೂತವು. ಎರಡನೇ ಕೂಗು ಕೇಳಿದವು ಕತ್ತು ನೆಟ್ಟಗೆ ಮಾಡಿ ಸುತ್ತ ನೋಡಿದವು. ಅಂದರೆ ಕೂಗಿನಲ್ಲಿ ‘ಭಯ’ ಮಾತ್ರವಲ್ಲದೆ ‘ಎಲ್ಲಿಂದ’ ಎಂಬುದೂ ಇದೆ. ಹತ್ತಿರದಲ್ಲಿ ಹ್ಯಾಟೆ ಇದ್ದಾಗ ಹುಂಜ ಎಚ್ಚರಿಕೆ ಕೊಡುವುದು ಹೆಚ್ಚು, ಒಂಟಿಯಾಗಿದ್ದಾಗ ಕಡಿಮೆ ಎಂಬುದನ್ನೂ ಮಾರ್ಲರ್ ತಂಡ ತೋರಿಸಿದೆ. ಕೇಳುವವರಿಲ್ಲದ ಕಡೆ ಕೂಗಿ ತನ್ನ ಜಾಗ ತೋರಿಸಿಕೊಳ್ಳುವಷ್ಟು ದಡ್ಡ ಅದು ಅಲ್ಲ.

ಈ ಬುದ್ಧಿ ಕಾಡಿನಿಂದ ಬಂದದ್ದು. ನಾವು ಸಾಕುವ ಕೋಳಿಯ ಮೂಲ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಅದರ ಕಾಲಿನ ಹಳದಿ ಬಣ್ಣದ ಜೀನ್ ಮಾತ್ರ ನಮ್ಮ ಪಶ್ಚಿಮ ಘಟ್ಟಗಳಲ್ಲೂ ಇರುವ ಬೂದು ಕಾಡುಕೋಳಿಯಿಂದ ಬಂತೆಂದು 2008 ರ ಒಂದು ಅಧ್ಯಯನ ಹೇಳಿತು. ಸಾವಿರಾರು ವರ್ಷ ಮನೆಯಲ್ಲಿ ಸಾಕಿದರೂ ಕತ್ತಲಾದರೆ ಮರ ಹತ್ತಬೇಕೆಂಬ ಪಾಠ ಅವು ಮರೆತಿಲ್ಲ. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದು ತೀರಾ ಕಡಿಮೆ. ಕೂತಲ್ಲೇ ಕೂತಿರುವ ಕೋಳಿಯನ್ನು ಹಿಡಿಯಲು ಯಾರಿಗಾದರೂ ಸುಲಭ. ಎತ್ತರವೊಂದೇ ಅದರ ರಕ್ಷಣೆ.

ಹೀಗೆ ನೋಡಿದಾಗ ನಮ್ಮ ಕೋಳಿಗಳು ಸ್ಪಷ್ಟವಾಗಿಯೇ ಮಾತಾಡುತ್ತಿದ್ದವು. ಅವು ಆಕಾಶ ನೋಡುತ್ತಿರಲಿಲ್ಲ. ಹಗಲಲ್ಲಿ ತೋಟದಲ್ಲಿ ಆರಾಮಾಗಿ ಕೆದಕುತ್ತಿದ್ದವು. ಸಂಜೆ ಮಾತ್ರ, ಗೂಡಿನ ಹತ್ತಿರ ಮಾತ್ರ, ಅದೂ ಬಡಗಣ ಮೂಲೆಯ ಕಡೆಗೇ ಮುಖ ಮಾಡಿ ತುಂಡು ಕೂಗು ಹಾಕುತ್ತಿದ್ದವು. ‘ರಾತ್ರಿ, ನೆಲದಿಂದ, ಆ ಮೂಲೆಯಿಂದ’ ಎಂದು ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ?

ಒಲೆ ಬೂದಿಯ ಸಾಕ್ಷಿ

ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ಕೋಳಿ ಗೂಡಿಗೆ ಹೋಗದಿರಲು ಹೇನೂ ಕಾರಣವಾಗಬಹುದು. ಕೋಳಿಗೆ ಹತ್ತುವ ಒಂದು ಬಗೆಯ ಕೆಂಪು ನುಸಿ ಹಗಲು ಹಲಗೆ ಸಂದಿಯಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರಲು ಹೊರಬರುತ್ತದೆ. ರಾತ್ರಿ ಟಾರ್ಚ್ ಹಿಡಿದು, ಬಿಳಿ ಬಟ್ಟೆಯಿಂದ ಗಳ, ಹಲಗೆ ಸಂದಿ ಎಲ್ಲ ಒರೆಸಿ ನೋಡಿದೆ. ಬಟ್ಟೆಯಲ್ಲಿ ಕೆಂಪು ಕಲೆ ಇರಲಿಲ್ಲ.

ಮುಂಗುಸಿ ಎಂದರು ಅಪ್ಪ. ಆದರೆ ನಮ್ಮ ಕಡೆಯ ಬೂದು ಮುಂಗುಸಿ ಹಗಲು ಓಡಾಡುವ ಪ್ರಾಣಿ. ಕೋಳಿ ಹೋದದ್ದೆಲ್ಲ ರಾತ್ರಿ. ಹಾವು ಎಂದಳು ತಂಗಿ. ಹಾವು ಮೊಟ್ಟೆಯನ್ನೋ ಮರಿಯನ್ನೋ ನುಂಗೀತು, ಬೆಳೆದ ಹ್ಯಾಟೆಯನ್ನು ಎಳೆದೊಯ್ದು ಬೇಲಿ ಉದ್ದಕ್ಕೂ ಪುಕ್ಕ ಉದುರಿಸಲಾರದು. ನಾಯಿಯಾಗಿದ್ದರೆ ಒಂದೇ ರಾತ್ರಿ ಸಿಕ್ಕಿದ್ದನ್ನೆಲ್ಲ ಕಚ್ಚಿ ಬಿಸಾಡುತ್ತಿತ್ತು. ಇಲ್ಲಿ ಬಂದದ್ದು ಒಂದನ್ನೇ ಆರಿಸಿ, ಸದ್ದಿಲ್ಲದೆ ಒಯ್ಯುತ್ತಿತ್ತು.

ನಾನು ಹಳೆಯ ಮೊಬೈಲನ್ನು ಕ್ಯಾಮೆರಾ ಮಾಡಿ ಇಡುವ ಯೋಚನೆಯಲ್ಲಿದ್ದೆ. ಅಷ್ಟರಲ್ಲಿ ಅಜ್ಜಿ ಒಲೆಯ ಬೂದಿಯನ್ನು ಜರಡಿ ಹಿಡಿದು, ಗೂಡಿನ ಸುತ್ತ ತೆಳ್ಳಗೆ ಹರಡಿಬಿಟ್ಟಳು. ಖರ್ಚಿಲ್ಲ, ಚಾರ್ಜಿಂಗ್ ಬೇಕಿಲ್ಲ. ಎರಡನೇ ಬೆಳಗ್ಗೆ ಬಡಗಣ ಮೂಲೆಯಲ್ಲಿ ಹೆಜ್ಜೆ ಮೂಡಿತ್ತು. ದುಂಡಗಿನ ಗುರುತು, ನಾಲ್ಕು ಬೆರಳು, ಉಗುರಿನ ಗೆರೆ ಇಲ್ಲ.

ಇದನ್ನು ಓದುವುದು ಕಷ್ಟವಲ್ಲ. ನಾಯಿಯ ಹೆಜ್ಜೆಯಲ್ಲೂ ನಾಲ್ಕು ಬೆರಳು, ಆದರೆ ಮುಂದೆ ಉಗುರಿನ ಚುಕ್ಕೆ ಬೀಳುತ್ತದೆ. ಮುಂಗುಸಿ, ಪುನುಗಿನ ಬೆಕ್ಕುಗಳಿಗೆ ಐದು ಬೆರಳು. ಬೆಕ್ಕಿನ ಜಾತಿ ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುತ್ತದೆ. ಬಂದದ್ದು ಬೆಕ್ಕು, ಅದರಲ್ಲೂ ಗುರುತಿನ ಅಳತೆ ನೋಡಿದರೆ ಕೆರೆ ಪೊದೆಯ ಕಾಡುಬೆಕ್ಕು ಇರಬೇಕು. ನಾವ್ಯಾರೂ ಅದನ್ನು ಕಣ್ಣಾರೆ ನೋಡಲಿಲ್ಲ, ಇವತ್ತಿಗೂ ನೋಡಿಲ್ಲ.

ಹೆಜ್ಜೆ ತೋರಿಸಿದ ಮೂಲೆಯಲ್ಲಿ ಜಾಲರಿಯನ್ನು ಕೈಯಿಂದ ಒತ್ತಿದೆ. ಹೊರಗಿನಿಂದ ನೋಡಿದರೆ ಸರಿಯಾಗೇ ಇತ್ತು. ಒತ್ತಿದರೆ ಮಾತ್ರ ಎರಡು ಮೊಳೆ ಸಡಿಲವಾಗಿ, ಒಂದು ಗೇಣಿನಷ್ಟು ಜಾಗ ಒಳಕ್ಕೆ ಬಾಗುತ್ತಿತ್ತು. ಕೈ ಬಿಟ್ಟರೆ ಮತ್ತೆ ಮೊದಲಿನಂತೆ. ಆ ಬಾಗಿಲು ಬೆಕ್ಕಿಗೆ ಗೊತ್ತಿತ್ತು, ಕೋಳಿಗಳಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಮನುಷ್ಯರಿಗೆ.

ಮೀನಿನ ತಲೆಗೆ ‘ಔಷಧಿ’

ಸುದ್ದಿ ಕೇಳಿ ಪಕ್ಕದ ತೋಟದ ದೊಡ್ಡಪ್ಪ ಬಂದರು. “ಒಂದು ಮೀನಿನ ತಲೆಗೆ ಔಷಧಿ ಸವರಿ ಬೇಲಿ ತಾವ ಇಡವ್ವ, ಎಲ್ಡು ದಿನಕ್ಕೆ ಮುಗೀತದೆ” ಎಂದು ಅಮ್ಮನಿಗೆ ಹೇಳಿದರು. ಹಳ್ಳಿಯಲ್ಲಿ ಔಷಧಿ ಎಂದರೆ ಬೆಳೆಗೆ ಹೊಡೆಯುವ ವಿಷ. ಅಮ್ಮ ಕೂಡಲೇ ಬೇಡ ಎನ್ನಲಿಲ್ಲ. ಮೂರು ಕೋಳಿ ಕಳಕೊಂಡವಳಿಗೆ ಸಿಟ್ಟು ಬರುವುದು ಸಹಜ. ಇನ್ನೊಂದು ದಾರಿ ಎಂದರೆ ಉಳಿದ ಕೋಳಿಗಳನ್ನು ಮಾರಿಬಿಡುವುದು. ಆ ರಾತ್ರಿ ಊಟದ ಹೊತ್ತಿಗೆ ಎರಡೂ ಮಾತು ಬಂದವು.

ನಾನು ಕಾನೂನಿನಿಂದ ಶುರು ಮಾಡಿದೆ. ಕಾಡುಬೆಕ್ಕು, ಮುಂಗುಸಿ, ಪುನುಗಿನ ಬೆಕ್ಕು ಎಲ್ಲವೂ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವ ಪ್ರಾಣಿಗಳು. ಕೊಂದರೆ ಶಿಕ್ಷೆ ಉಂಟು. ಅಪ್ಪನಿಗೆ ಆ ಮಾತು ಅಷ್ಟು ತಟ್ಟಲಿಲ್ಲ. ತಟ್ಟಿದ್ದು ಇಲಿಯ ಮಾತು. ಕಾಡುಬೆಕ್ಕಿನ ಆಹಾರದಲ್ಲಿ ಬಹುಪಾಲು ಇಲಿ. ತೆಂಗಿನ ಸುಳಿ ಹತ್ತಿ ಎಳೆಕಾಯಿ ಕೊರೆಯುವುದೂ ಇಲಿಯೇ. ಕೋಳಿಗಾಗಿ ಬೆಕ್ಕನ್ನು ಕೊಂದರೆ ತೆಂಗಿನ ಕಾಯನ್ನು ಇಲಿಗೆ ಬರೆದುಕೊಟ್ಟ ಹಾಗೆ.

ಅಮ್ಮನ ಮನಸ್ಸು ತಿರುಗಿಸಿದ್ದು ಅಜ್ಜಿ. “ಕೋಳಿ ಏನ್ ನೋಡಿ ತಿಂತದಾ? ಆ ಮೀನಿನ ತುಣುಕು ಕಾಗೆ ತಂದು ಹಿತ್ತಲಿಗೆ ಹಾಕಿದ್ರೆ ಮೊದಲು ಕುಕ್ಕೋದು ನಿನ್ ಕೋಳಿನೇ” ಎಂದಳು. ಅಲ್ಲಿಗೆ ಮಾತು ಮುಗಿಯಿತು. ವಿಷಕ್ಕೆ ಯಾರ ಬಾಯಿ ಎಂದು ಗೊತ್ತಾಗುವುದಿಲ್ಲ. ಒಂದು ಬೆಕ್ಕು ಸತ್ತರೂ ಆ ಮೂಲೆ ಹಾಗೇ ಇರುತ್ತದೆ, ಮುಂದಿನ ತಿಂಗಳು ಇನ್ನೊಂದು ಬೆಕ್ಕು ಅದೇ ಮೂಲೆಯಿಂದ ಬರುತ್ತದೆ.

1,800 ರೂಪಾಯಿ ಕೆಲಸ

ನಮ್ಮ ಗೂಡಿಗೆ ಇದ್ದದ್ದು ಷಟ್ಕೋನ ಕಣ್ಣಿನ ತೆಳು ಜಾಲರಿ. ಅಂಗಡಿಯಲ್ಲಿ ಅದನ್ನು ಕೋಳಿ ಜಾಲರಿ ಎಂದೇ ಮಾರುತ್ತಾರೆ. ಕೋಳಿ ಹೊರಗೆ ಹೋಗದಂತೆ ತಡೆಯಲು ಅದು ಸಾಕು, ಬೇಟೆಗಾರ ಒಳಗೆ ಬರದಂತೆ ತಡೆಯಲು ಸಾಲದು. ಬೆಕ್ಕು, ನಾಯಿ ಎಳೆದರೆ ಬಾಗುತ್ತದೆ, ಹರಿಯುತ್ತದೆ. ಅದರ ಬದಲು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ತಂದೆವು. ಮೊಳೆಯ ಜತೆ ಮರದ ಪಟ್ಟಿ ಕೊಟ್ಟು ಬಿಗಿದೆವು. ಗೂಡಿನ ಸುತ್ತ ಒಂದು ಅಡಿ ಅಗಲಕ್ಕೆ ಅದೇ ಜಾಲರಿಯನ್ನು ನೆಲದ ಮೇಲೆ ಹೊರಮುಖವಾಗಿ ಹಾಸಿ, ಮೇಲೆ ಮಣ್ಣು, ಕಲ್ಲು ಹೇರಿದೆವು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ತೋಡಲು ಶುರು ಮಾಡುತ್ತದೆ. ಅಲ್ಲೇ ಜಾಲರಿ ಸಿಕ್ಕಿದರೆ ಬಿಟ್ಟು ಹೋಗುತ್ತದೆ. ಬಾಗಿಲಿಗೆ ದಾರ ಕಟ್ಟುವುದು ಬಿಟ್ಟು ಚಿಲಕ ಹಾಕಿದೆವು. ಕೋಳಿ ಕೂರುವ ಗಳವನ್ನು ಎತ್ತರಿಸಿ, ಜಾಲರಿಗೆ ತಾಗದಂತೆ ನಡುವಿಗೆ ತಂದೆವು. ಎಲ್ಲ ಸೇರಿ 1,800 ರೂಪಾಯಿ. ನಾಲ್ಕು ನಾಟಿ ಕೋಳಿಯ ಬೆಲೆ.

ಹಗಲಿನ ಗಿಡುಗಕ್ಕೆ ಬೇರೆ ಉಪಾಯ. ಬೋಳು ಅಂಗಳದಲ್ಲಿ ಕೋಳಿಗೆ ಓಡಿ ಅಡಗಲು ಜಾಗವಿರುವುದಿಲ್ಲ. ಹಿತ್ತಲಲ್ಲಿ ಅಲ್ಲಲ್ಲಿ ತೊಗರಿ, ಹರಳು ಗಿಡ ಬಿಟ್ಟು, ಒಂದೆರಡು ಕಡೆ ತೆಂಗಿನ ಗರಿಯ ತಗ್ಗು ಚಪ್ಪರ ಮಾಡಿದರೆ ಸಿಳ್ಳೆ ಕೇಳಿದ ಕೂಡಲೇ ನುಗ್ಗಲು ಮರೆ ಸಿಗುತ್ತದೆ. ಸಣ್ಣ ಮರಿಗಳಿಗಂತೂ ಅಜ್ಜಿಯ ಕಾಲದ ಮಂಕರಿಯೇ ಸಾಕು.

ಗೂಡು ರಿಪೇರಿಯಾದ ದಿನವೇ ಕೋಳಿಗಳು ನಂಬಲಿಲ್ಲ. ನಾಲ್ಕು ರಾತ್ರಿ ಅವನ್ನು ಸೀಬೆ ಮರದಿಂದ ಇಳಿಸಿ ಒಳಗೆ ಬಿಡಬೇಕಾಯಿತು. ಐದನೇ ಸಂಜೆ ಹುಂಜ ಮೊದಲು ಒಳಗೆ ಹೋಯಿತು, ಮಿಕ್ಕವು ಹಿಂಬಾಲಿಸಿದವು. ಹತ್ತು ದಿನಕ್ಕೆ ಮೊದಲ ಮೊಟ್ಟೆ ಬಂತು, ಗಟ್ಟಿ ಚಿಪ್ಪಿನದು. ಆಮೇಲೆ ಒಂದು ಕೋಳಿಯೂ ಹೋಗಿಲ್ಲ. ಬೂದಿಯಲ್ಲಿ ಈಗಲೂ ಆಗಾಗ ದುಂಡನೆ ಹೆಜ್ಜೆ ಕಾಣುತ್ತದೆ ಎಂದು ಅಮ್ಮ ಫೋನಿನಲ್ಲಿ ಹೇಳುತ್ತಾಳೆ. ಬೆಕ್ಕು ಬರುತ್ತದೆ, ಗೂಡಿಗೆ ಒಂದು ಸುತ್ತು ಹಾಕುತ್ತದೆ, ಇಲಿ ಹುಡುಕಿಕೊಂಡು ತೋಟದ ಕಡೆ ಹೋಗುತ್ತದೆ.

ಹೆದರುವುದಕ್ಕೂ ಲೆಕ್ಕವಿದೆ

ನಮ್ಮ ಸಿಲಬಸ್‌ನಲ್ಲಿ ಸಿಗ್ನಲ್ ಪತ್ತೆ ಹಚ್ಚುವ ಪಾಠವೊಂದಿದೆ. ರೇಡಾರ್ ಪರದೆಯಲ್ಲಿ ಚುಕ್ಕೆ ಕಂಡರೆ ಅದು ವಿಮಾನವೋ, ಬರೀ ನಾಯ್ಸೋ? ಇಲ್ಲದ ವಿಮಾನವನ್ನು ಇದೆ ಎಂದರೆ ‘ಫಾಲ್ಸ್ ಅಲಾರಂ’. ಇರುವ ವಿಮಾನವನ್ನು ಇಲ್ಲ ಎಂದರೆ ‘ಮಿಸ್’. ಒಂದನ್ನು ಕಡಿಮೆ ಮಾಡಲು ಹೋದರೆ ಇನ್ನೊಂದು ಹೆಚ್ಚಾಗುತ್ತದೆ. ಯಾವ ತಪ್ಪಿನ ಬೆಲೆ ದೊಡ್ಡದು ಎಂದು ನೋಡಿ ಮಿತಿ ಗೊತ್ತು ಮಾಡಬೇಕು.

ಕೋಳಿ ಈ ಲೆಕ್ಕದಲ್ಲಿ ಪಾಸಾಗಿದೆ. ಕಾಗೆಯನ್ನು ಗಿಡುಗವೆಂದು ತಿಳಿದು ಓಡಿದರೆ ಎರಡು ನಿಮಿಷದ ಮೇವು ಹೋಗುತ್ತದೆ, ಅಷ್ಟೇ. ಗಿಡುಗವನ್ನು ಕಾಗೆ ಎಂದು ತಿಳಿದರೆ ಜೀವವೇ ಹೋಗುತ್ತದೆ. ಹಾಗಾಗಿ ಅದು ಹತ್ತು ಸಲ ಸುಳ್ಳೇ ಹೆದರಲು ಸಿದ್ಧ. ಅದಕ್ಕಿಂತ ದೊಡ್ಡ ಜಾಣತನ ಅದು ಹೆದರಿದ ಮೇಲೆ ಮಾಡುವ ಕೆಲಸದಲ್ಲಿದೆ. ಮರೆಯಲ್ಲಿ ಕೂತು, ಒಂದು ಕಣ್ಣು ಓರೆ ಮಾಡಿ ಆಕಾಶ ನೋಡಿ, ಏನೂ ಇಲ್ಲವೆಂದು ಖಾತ್ರಿಯಾದರೆ ಮತ್ತೆ ಕೆದಕಲು ಹೊರಡುತ್ತದೆ. ಬೆಳಗಿನ ಗಿಡುಗಕ್ಕೆ ಸಂಜೆವರೆಗೆ ಉಪವಾಸ ಕೂರುವುದಿಲ್ಲ.

ನಮ್ಮ ಕೈಯಲ್ಲಿರುವ ಗ್ರೂಪುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ‘ಈ ವರ್ಷ ಕಂಪನಿಗಳೇ ಬರಲ್ಲವಂತೆ’, ‘ಈ ಬ್ರಾಂಚಿಗೆ ಭವಿಷ್ಯವೇ ಇಲ್ಲವಂತೆ’, ‘ಆ ನೇಮಕಾತಿ ರದ್ದಾಗುತ್ತಂತೆ’. ದಿನಕ್ಕೆ ಹತ್ತು ಕೂಗು. ಅವನ್ನು ಕೇಳಿ ಓದುತ್ತಿದ್ದ ಪುಸ್ತಕ ಮುಚ್ಚಿ ಕೂರುವ ಗೆಳತಿಯರು ನನ್ನ ಹಾಸ್ಟೆಲಿನಲ್ಲೇ ಇದ್ದಾರೆ. ‘ಅವೆಲ್ಲ ಸುಳ್ಳು’ ಎಂದು ಒಂದನ್ನೂ ನೋಡದೆ, ಅರ್ಜಿಯ ಕೊನೆಯ ದಿನಾಂಕವನ್ನೇ ದಾಟಿಸಿಕೊಂಡವರೂ ಇದ್ದಾರೆ. ಒಂದು ಕಡೆ ಫಾಲ್ಸ್ ಅಲಾರಂ, ಇನ್ನೊಂದು ಕಡೆ ಮಿಸ್.

ಇಂಥ ಕೂಗು ಬಂದಾಗ ನಾನೀಗ ಕೇಳುವುದು ಒಂದೇ ಪ್ರಶ್ನೆ: ಮೇಲೋ, ಕೆಳಗೋ? ಯಾವ ಅಧಿಸೂಚನೆ, ಯಾವ ದಿನಾಂಕ, ಯಾರು ಹೇಳಿದ್ದು? ದಿಕ್ಕು ಹೇಳುವ ಭಯವಾದರೆ ಅದರ ಬೆನ್ನು ಹತ್ತಬೇಕು. ಸಡಿಲವಾದ ಮೊಳೆ ಎಲ್ಲಿದೆ ಎಂದು ಹುಡುಕಬೇಕು. ಬರದೇ ಉಳಿದ ಕೋಡಿಂಗೋ, ಮಾತಾಡಲು ಅಂಜುವ ಇಂಗ್ಲಿಷೋ, ಬಾಕಿ ಇರುವ ಒಂದು ಪೇಪರೋ, ಅದಕ್ಕೆ ಜಾಲರಿ ಹಾಕಬೇಕು. ದಿಕ್ಕೇ ಇಲ್ಲದ ಕೂಗಾದರೆ ಒಂದು ಗಳಿಗೆ ಸುತ್ತ ನೋಡಿ, ಮತ್ತೆ ನಮ್ಮ ಕಾಳಿನ ಕಡೆ ಹೋಗಬೇಕು. ಹಸಿವು ಕಾಯುವುದಿಲ್ಲ, ಪರೀಕ್ಷೆಯೂ ಕಾಯುವುದಿಲ್ಲ.